ಗೀಸರ್ ಹಾಕಿದರೆ ಹಾಲ್‌ನಲ್ಲಿ ವೋಲ್ಟೇಜ್ ಏರುತ್ತದೆ, ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತಿಪಟೂರಿನಲ್ಲಿ ಎರಡಂತಸ್ತಿನ ಹಳೆ ಮನೆ. ತ್ರೀ ಫೇಸ್ ಕನೆಕ್ಷನ್ ಇದೆ. ಹಾಲ್ ಮತ್ತು ರೂಮುಗಳು ಒಂದು ಫೇಸ್, ಅಡುಗೆಮನೆ ಇನ್ನೊಂದು, ಬಾತ್‌ರೂಮ್ ಗೀಸರ್ ಮತ್ತು ಸಂಪ್ ಮೋಟರ್ ಮೂರನೆಯದು. ಹೋದ ತಿಂಗಳು ಎರಡು ಎಲ್‌ಇಡಿ ಬಲ್ಬ್, ಒಂದು ಸೆಟ್ ಟಾಪ್ ಬಾಕ್ಸ್ ಸುಟ್ಟುಹೋದವು. ಅದಕ್ಕೇ ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಕ್ಲ್ಯಾಂಪ್ ಮೀಟರ್ ತಂದು ನಾನೇ ಅಳೆಯಲು ಶುರು ಮಾಡಿದೆ. ಈಗ ತಲೆ ಇನ್ನೂ ಜಾಸ್ತಿ ಕೆಟ್ಟಿದೆ. ಬೆಳಿಗ್ಗೆ ಹಾಲ್‌ನಲ್ಲಿ 240 ಇರುತ್ತದೆ, ಗೀಸರ್ ಹಾಕಿದ ತಕ್ಷಣ 247 ಆಗುತ್ತದೆ. ಬಾತ್‌ರೂಮಿನಲ್ಲಿ 236 ಇದ್ದದ್ದು 219ಕ್ಕೆ ಇಳಿಯುತ್ತದೆ. ಅಲ್ಲೇ ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಗೀಸರ್ ಇಲ್ಲದಾಗ ಒಂದೂವರೆ ವೋಲ್ಟ್, ಗೀಸರ್ ಹಾಕಿದಾಗ 15. ಸಂಜೆ ಏಳೂವರೆಗೆ ಎಲ್ಲ ಕಡೆ 203, ಮಧ್ಯರಾತ್ರಿ 250. ಆಫ್ ಮಾಡಿದ ಫ್ಯಾನಿನ ವೈರಿನಲ್ಲೂ 68 ವೋಲ್ಟ್ ತೋರಿಸುತ್ತದೆ. ಗೀಸರ್ ವೈರಿಗೆ ಕ್ಲ್ಯಾಂಪ್ ಹಾಕಿದರೆ ಸೊನ್ನೆ. ಕರೆಂಟ್ ಹೋದಾಗ ಯುಪಿಎಸ್ 185 ವೋಲ್ಟ್ ಕೊಡುತ್ತಿದೆ. ಫ್ರಿಜ್ 1 ಆಂಪ್ ಎಳೆಯುತ್ತದೆ, ಆದರೆ ಕರೆಂಟ್ ಮೀಟರಿನಲ್ಲಿ 150 ವಾಟ್ ಮಾತ್ರ. ನಮ್ಮ ಎಲೆಕ್ಟ್ರಿಷಿಯನ್ "ವೋಲ್ಟೇಜ್ ಕಮ್ಮಿ ಇದ್ದರೆ ಬಿಲ್ ಜಾಸ್ತಿ, ಮನೆಗೆಲ್ಲ ಸೇರಿ ದೊಡ್ಡ ಸ್ಟೆಬಿಲೈಜರ್ ಹಾಕಿಸಿ" ಅನ್ನುತ್ತಾರೆ. ನಮ್ಮ ಭಾವ "ಅರ್ಥ್‌ನೂ ನ್ಯೂಟ್ರಲ್‌ನೂ ಸೇರಿಸಿ ಕಟ್ಟಿಬಿಡು, ಆ 15 ವೋಲ್ಟ್ ಹೋಗುತ್ತದೆ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಎರಡು ಮಾತು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದಿ. ಅರ್ಥ್ ಮತ್ತು ನ್ಯೂಟ್ರಲ್ ಅನ್ನು ಮನೆಯಲ್ಲಿ ಸೇರಿಸಿ ಕಟ್ಟಬೇಡಿ. ನಿಮ್ಮ ಮನೆಯ ಮುಖ್ಯ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಎಲ್ಲೋ ಸಡಿಲವಾಗಿರುವ ಲಕ್ಷಣ ಕಾಣುತ್ತಿದೆ, ಆದ್ದರಿಂದ ಅದು ಸರಿಯಾಗುವವರೆಗೆ ಗೀಸರ್ ಬಳಸದೆ ಗ್ಯಾಸ್ ಮೇಲೆ ನೀರು ಕಾಯಿಸಿಕೊಳ್ಳಿ. ಮೋಟರ್ ಹಾಕಲೇಬೇಕಾದಾಗ ಟಿವಿ, ಸೆಟ್ ಟಾಪ್ ಬಾಕ್ಸ್, ಕಂಪ್ಯೂಟರಿನ ಪ್ಲಗ್ ಕಿತ್ತಿಡಿ.

ನೀವು ಕಳಿಸಿದ ಪಟ್ಟಿಯಲ್ಲಿ ಹತ್ತಾರು ಅಂಕಿಗಳಿವೆ. ನಿಮಗೆ ಜಾಸ್ತಿ ಭಯ ಹುಟ್ಟಿಸಿರುವುದು 68, 185, ಸೊನ್ನೆ ಇಂಥವು. ಅವು ಯಾವುವೂ ಭಯಪಡುವ ಅಂಕಿಗಳಲ್ಲ. ನೀವು ಮೊದಲೇ ಬರೆದು ಮುಂದೆ ಹೋಗಿರುವ ಒಂದು ಸಾಲು ಇದೆಯಲ್ಲ, ಗೀಸರ್ ಹಾಕಿದರೆ ಹಾಲ್‌ನಲ್ಲಿ ಏರುತ್ತದೆ, ಬಾತ್‌ರೂಮಿನಲ್ಲಿ ಇಳಿಯುತ್ತದೆ ಎಂದು, ನಿಜವಾದ ಕಾಯಿಲೆ ಅಲ್ಲಿದೆ. ಬಲ್ಬು, ಬಾಕ್ಸು ಸುಟ್ಟಿದ್ದಕ್ಕೂ ಬಹುಮಟ್ಟಿಗೆ ಅದೇ ಕಾರಣ. ಇಷ್ಟು ಶ್ರದ್ಧೆಯಿಂದ ಅಳೆದು, ಲೋಡ್ ಇದ್ದಾಗ ಎಷ್ಟು ಇಲ್ಲದಾಗ ಎಷ್ಟು ಎಂದು ಬರೆದಿಟ್ಟಿದ್ದೀರಿ, ಆದ್ದರಿಂದಲೇ ಇಲ್ಲಿ ಕೂತು ನನಗೆ ಇಷ್ಟು ಹೇಳಲು ಆಗುತ್ತಿದೆ. ಬರೀ "ನಮ್ಮ ಮನೆಯಲ್ಲಿ 219 ಬರುತ್ತದೆ ಸರ್" ಎಂದು ಕೇಳಿದ್ದರೆ ಯಾರೂ ಏನೂ ಹೇಳಲಾಗುತ್ತಿರಲಿಲ್ಲ.

ವೋಲ್ಟೇಜ್ ಎಷ್ಟಿರಬೇಕು ಎನ್ನುವುದನ್ನು ಮೊದಲು ಮುಗಿಸೋಣ. ನಮ್ಮ ದೇಶದಲ್ಲಿ ಮನೆಗೆ ಕೊಡುವ ವೋಲ್ಟೇಜ್ 230, ಅದರ ಮೇಲೆ ಕೆಳಗೆ ಶೇಕಡಾ 10. 1988ರ ಭಾರತೀಯ ಮಾನಕ ಐಎಸ್ 12360 ಹೇಳುವುದು ಇದನ್ನೇ. ಅಂದರೆ 207ರಿಂದ 253ರವರೆಗೆ ಎಷ್ಟಿದ್ದರೂ ಸರಿ. ಹಾಗಾಗಿ ನಿಮ್ಮ ಮಧ್ಯರಾತ್ರಿಯ 250 ಮಿತಿಯೊಳಗೇ ಇದೆ. ಅದು ಯಾಕೆ ಬರುತ್ತದೆ ಎಂದರೆ, ರಸ್ತೆ ಬದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 11 ಸಾವಿರ ವೋಲ್ಟನ್ನು 433ಕ್ಕೆ ಇಳಿಸುವಂತೆ ಮಾಡಿರುತ್ತಾರೆ. ಅದು ಎರಡು ಫೇಸ್‌ಗಳ ಮಧ್ಯದ ಲೆಕ್ಕ. ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ನೋಡಿದರೆ 433 ಭಾಗಿಸು 1.732, ಸರಿಯಾಗಿ 250. ರಾತ್ರಿ ಊರೆಲ್ಲ ಮಲಗಿ ಲೋಡ್ ಇಲ್ಲದಾಗ ಟಿಸಿಯಲ್ಲಿ ಹುಟ್ಟಿದ 250 ಹೆಚ್ಚುಕಮ್ಮಿ ಹಾಗೇ ನಿಮ್ಮ ಮನೆಗೆ ಬರುತ್ತದೆ. ಸಂಜೆ ಎಲ್ಲರ ಮನೆಯ ದೀಪ, ಟಿವಿ, ಮಿಕ್ಸಿ, ಮೋಟರ್ ಒಟ್ಟಿಗೆ ಶುರುವಾದಾಗ ಟಿಸಿಯೊಳಗೂ ತಂತಿಯಲ್ಲೂ ಸ್ವಲ್ಪ ಸ್ವಲ್ಪ ಕಳೆದುಹೋಗಿ ಕೊನೆಯ ಮನೆಗೆ 200ರ ಆಸುಪಾಸು ತಲುಪುತ್ತದೆ. ನಿಮ್ಮ 203 ಮಿತಿಗಿಂತ ಕೆಳಗಿದೆ, ದೂರು ಕೊಡಬೇಕಾದ ವಿಷಯವೇ. ಆದರೆ ಅದು ಬೇರೆ ಸಮಸ್ಯೆ, ಕೊನೆಗೆ ಬರೋಣ.

ಈಗ ಗೀಸರ್ ವಿಷಯ. ಯಾವ ಮನೆಯಲ್ಲೇ ಆಗಲಿ ದೊಡ್ಡ ಲೋಡ್ ಹಾಕಿದರೆ ಆ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಎರಡು ಮೂರು ವೋಲ್ಟ್ ಇಳಿಯುವುದು ಸಹಜ. 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಇದ್ದು, ಬೋರ್ಡಿನಿಂದ ಗೀಸರ್‌ಗೆ 20 ಮೀಟರ್ ದೂರ ಅಂದುಕೊಳ್ಳಿ. ಹೋಗಿ ಬರುವ ದಾರಿ 40 ಮೀಟರ್. ಅದರ ತಡೆ ಸುಮಾರು 0.3 ಓಮ್. 2000 ವಾಟಿನ ಗೀಸರ್ 8.3 ಆಂಪ್ ಎಳೆದರೆ ಕಳೆದುಹೋಗುವುದು ಎರಡೂವರೆ ವೋಲ್ಟ್. ಹೊರಗಿನ ಸರ್ವಿಸ್ ವೈರ್ ಸೇರಿಸಿದರೂ ಐದಾರು ವೋಲ್ಟ್ ದಾಟಬಾರದು. ನಿಮ್ಮಲ್ಲಿ 17 ಇಳಿಯುತ್ತಿದೆ. ಈ 17 ಎಲ್ಲಿ ಹೋಯಿತು?

ಇದಕ್ಕೆ ಉತ್ತರ ನಿಮ್ಮ ಇನ್ನೊಂದು ಅಳತೆಯಲ್ಲೇ ಇದೆ. ಗೀಸರ್ ಹಾಕಿದಾಗ ನ್ಯೂಟ್ರಲ್ ಮತ್ತು ಅರ್ಥ್ ಮಧ್ಯೆ ಒಂದೂವರೆಯಿಂದ 15ಕ್ಕೆ ಏರಿತು ಎಂದಿರಿ. ಅಂದರೆ 17ರಲ್ಲಿ ಸುಮಾರು ಹದಿಮೂರೂವರೆ ವೋಲ್ಟ್ ನ್ಯೂಟ್ರಲ್ ದಾರಿಯಲ್ಲೇ ಕಳೆದಿದೆ, ಫೇಸ್ ದಾರಿಯಲ್ಲಿ ಮೂರೂವರೆ ಮಾತ್ರ. ಎರಡೂ ಒಂದೇ ಉದ್ದದ, ಒಂದೇ ಬಗೆಯ ತಂತಿ, ಎರಡರಲ್ಲೂ ಹರಿಯುವುದು ಅದೇ ಕರೆಂಟ್. ಹಾಗಿದ್ದರೆ ಎರಡು ಕಡೆಯೂ ಸರಿಸುಮಾರು ಸಮ ಕಳೆಯಬೇಕಿತ್ತು ಅಲ್ವಾ? ಒಂದೇ ಕಡೆ ಇಷ್ಟು ಕಳೆಯುತ್ತಿದೆ ಎಂದರೆ ಆ ಕಡೆ ಯಾವುದೋ ಜಾಯಿಂಟ್ ಕೆಟ್ಟಿದೆ. ನನ್ನ ಕೆಲಸದಲ್ಲಿ ನಾನು ಅತಿ ಹೆಚ್ಚು ನಂಬುವ ಪರೀಕ್ಷೆ ಇದೇ. ಲೋಡ್ ಇಲ್ಲದೆ ಮೂರು ಅಳತೆ, ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್. ಲೋಡ್ ಹಾಕಿ ಅದೇ ಮೂರು ಅಳತೆ. ಫೇಸ್-ಅರ್ಥ್ ಜಾಸ್ತಿ ಇಳಿದರೆ ತೊಂದರೆ ಫೇಸ್ ಕಡೆ, ನ್ಯೂಟ್ರಲ್-ಅರ್ಥ್ ಜಾಸ್ತಿ ಏರಿದರೆ ತೊಂದರೆ ನ್ಯೂಟ್ರಲ್ ಕಡೆ. ದುಬಾರಿ ಉಪಕರಣ ಏನೂ ಬೇಡ. ಆದರೆ ಅರ್ಥ್ ಚೆನ್ನಾಗಿರಬೇಕು, ಅದು ಸರಿಯಿಲ್ಲದಿದ್ದರೆ ಈ ಲೆಕ್ಕ ದಾರಿ ತಪ್ಪಿಸುತ್ತದೆ. ನಿಮ್ಮ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿವೆ, ಆದ್ದರಿಂದ ಅರ್ಥ್ ಪರವಾಗಿಲ್ಲ ಎಂದೇ ನನ್ನ ಅಂದಾಜು.

ಸರಿ, ಆ ಕೆಟ್ಟ ಜಾಯಿಂಟ್ ಬಾತ್‌ರೂಮಿನ ಸರ್ಕ್ಯೂಟಿನಲ್ಲೇ ಇರಬಹುದಲ್ಲ, ಮುಖ್ಯ ನ್ಯೂಟ್ರಲ್ ಎಂದು ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಅದಕ್ಕೆ ಹಾಲ್‌ನ 247 ಸಾಕ್ಷಿ. ಬಾತ್‌ರೂಮಿನ ನ್ಯೂಟ್ರಲ್ ಮಾತ್ರ ಸಡಿಲವಾಗಿದ್ದರೆ ಹಾಲ್‌ಗೆ ಅದರ ಸುದ್ದಿಯೇ ಗೊತ್ತಾಗುತ್ತಿರಲಿಲ್ಲ, 240 ಅಲ್ಲೇ ಇರುತ್ತಿತ್ತು. ಮೂರು ಫೇಸ್‌ಗೂ ಸೇರಿ ಇರುವ ಒಂದೇ ನ್ಯೂಟ್ರಲ್ ತನ್ನ ಜಾಗದಿಂದ ಸರಿದರೆ ಮಾತ್ರ ಒಂದು ಫೇಸ್ ಇಳಿದು ಉಳಿದ ಎರಡು ಏರುತ್ತವೆ.

ಗದ್ದೆಯ ನಡುವೆ ಒಂದು ಗೂಟ ಹೊಡೆದು, ಮೂರು ದಿಕ್ಕಿನಿಂದ ಮೂರು ಹಗ್ಗ ಅದಕ್ಕೆ ಕಟ್ಟಿ ಎಳೆಯುತ್ತಿದ್ದಾರೆ ಅಂದುಕೊಳ್ಳಿ. ಗೂಟ ಗಟ್ಟಿಯಾಗಿದ್ದರೆ ಯಾರು ಎಷ್ಟೇ ಎಳೆದರೂ ಮೂರು ಹಗ್ಗದ ಉದ್ದವೂ ಒಂದೇ. ಗೂಟ ಅಲ್ಲಾಡತೊಡಗಿದರೆ ಜೋರಾಗಿ ಎಳೆದವನ ಕಡೆಗೆ ಅದು ವಾಲುತ್ತದೆ, ಅವನ ಹಗ್ಗ ಗಿಡ್ಡವಾಗುತ್ತದೆ, ಉಳಿದ ಎರಡು ಉದ್ದವಾಗುತ್ತವೆ. ನಿಮ್ಮಲ್ಲಿ ಜೋರಾಗಿ ಎಳೆಯುವುದು ಗೀಸರ್. ಮೂರು ಫೇಸ್‌ಗಳ ಮಧ್ಯೆ 120 ಡಿಗ್ರಿ ಇರುವುದರಿಂದ, ನ್ಯೂಟ್ರಲ್ ಒಂದು ಕಡೆ ಹದಿಮೂರೂವರೆ ವೋಲ್ಟ್ ಸರಿದರೆ ಉಳಿದ ಎರಡು ಫೇಸ್ ಅದರ ಅರ್ಧ, ಅಂದರೆ ಏಳು ವೋಲ್ಟ್ ಏರಬೇಕು. 240ಕ್ಕೆ ಏಳು ಕೂಡಿಸಿ, 247. ನೀವು ಬರೆದಿರುವುದೂ ಅದನ್ನೇ. ಅಡುಗೆಮನೆಯಲ್ಲೂ ಅಳೆದು ನೋಡಿ, ಅಲ್ಲೂ ಸುಮಾರು ಏಳು ಏರಿರುತ್ತದೆ.

ಏಳು ವೋಲ್ಟ್ ಏರಿದರೆ ಏನಾಯಿತು ಅನ್ನಿಸಬಹುದು. ಈಗ ಜಾಯಿಂಟ್ ಬರೀ ಸಡಿಲ. ಹದಿಮೂರು ವೋಲ್ಟ್, 8.3 ಆಂಪ್, ಗುಣಿಸಿದರೆ ನೂರಕ್ಕೂ ಜಾಸ್ತಿ ವಾಟ್. ಅಷ್ಟು ಶಾಖದ ಬಹುಪಾಲು ಎಲ್ಲೋ ಒಂದು ಸ್ಕ್ರೂ ಅಥವಾ ಒಂದು ಸುತ್ತು ತಂತಿಯ ಮೇಲೆ ಹುಟ್ಟುತ್ತಿದೆ. ಬಿಸಿಯಾದ ಲೋಹದ ಮೇಲೆ ತುಕ್ಕಿನ ಪದರ ಬೆಳೆಯುತ್ತದೆ, ತಡೆ ಹೆಚ್ಚುತ್ತದೆ, ಇನ್ನೂ ಬಿಸಿಯಾಗುತ್ತದೆ. ಒಂದು ದಿನ ಪೂರ್ತಿ ಬಿಟ್ಟುಕೊಳ್ಳುತ್ತದೆ. ಆಗ ನಿಮ್ಮ ಗೀಸರ್ ಮತ್ತು ಹಾಲ್‌ನ ಟಿವಿ, ದೀಪ ಎಲ್ಲ ಒಂದರ ಹಿಂದೆ ಒಂದು ಸರಣಿಯಲ್ಲಿ 400 ವೋಲ್ಟಿಗೆ ಸಿಕ್ಕಿಕೊಳ್ಳುತ್ತವೆ. ಹಾಲ್‌ನಲ್ಲಿ 300 ವಾಟಿನ ಸಾಮಾನು ಓಡುತ್ತಿದೆ ಎಂದು ಲೆಕ್ಕ ಹಾಕಿದರೆ ಅದಕ್ಕೆ 350ರ ಹತ್ತಿರ ವೋಲ್ಟ್ ಬೀಳುತ್ತದೆ, ಗೀಸರ್‌ಗೆ ಐವತ್ತು ಚಿಲ್ಲರೆ. ಕಡಿಮೆ ಕರೆಂಟ್ ಎಳೆಯುವ ಸಾಮಾನಿಗೇ ಹೆಚ್ಚು ಏಟು ಬೀಳುವುದು. ಒಂದೇ ರಾತ್ರಿಯಲ್ಲಿ ಟಿವಿ, ಫ್ರಿಜ್‌ನ ಬೋರ್ಡು, ಮನೆಯ ಎಲ್ಲ ಎಲ್‌ಇಡಿ ಹೋದ ಮನೆಗಳನ್ನು ನಾನು ನೋಡಿದ್ದೇನೆ. ಮನೆಯವರು ಎಲ್ಲರೂ ಹೇಳುವುದು ಒಂದೇ, "ಒಂದು ತಿಂಗಳಿಂದ ಲೈಟು ಒಮ್ಮೊಮ್ಮೆ ಜಾಸ್ತಿ ಬೆಳಗುತ್ತಿತ್ತು ಸರ್, ವೋಲ್ಟೇಜ್ ಚೆನ್ನಾಗಿ ಬರುತ್ತಿದೆ ಅಂದುಕೊಂಡೆವು." ಎಂಸಿಬಿ ಯಾಕೆ ಬೀಳಲಿಲ್ಲ ಎಂದು ಕೇಳುತ್ತಾರೆ. ಎಂಸಿಬಿ ನೋಡುವುದು ಕರೆಂಟ್ ಮಾತ್ರ, ವೋಲ್ಟೇಜ್ ಎಷ್ಟಿದೆ ಎಂದು ಅದಕ್ಕೆ ತಿಳಿಯುವುದೇ ಇಲ್ಲ.

ಈ ಜಾಯಿಂಟ್ ಯಾಕೆ ಕೆಡುತ್ತದೆ? ಕಂಬದಿಂದ ಬರುವ ಸರ್ವಿಸ್ ವೈರ್ ಸಾಮಾನ್ಯವಾಗಿ ಅಲ್ಯೂಮಿನಿಯಂ, ಮನೆಯೊಳಗಿನದು ತಾಮ್ರ. ಎರಡನ್ನೂ ನೇರ ಸೇರಿಸಿ ಸುತ್ತಿ ಟೇಪ್ ಹಾಕಿದರೆ, ಮಳೆಗಾಲದ ತೇವದಲ್ಲಿ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಮಧ್ಯೆ ಬೈಮೆಟಾಲಿಕ್ (ಎರಡೂ ಲೋಹಕ್ಕೆ ಹೊಂದುವ) ಲಗ್ ಅಥವಾ ಕನೆಕ್ಟರ್ ಇರಬೇಕು. ಅಲ್ಯೂಮಿನಿಯಂ ಸ್ಕ್ರೂ ಕೆಳಗೆ ಮೆತ್ತಗೆ ಜರುಗುವ ಲೋಹ ಬೇರೆ, ಇವತ್ತು ಬಿಗಿ ಮಾಡಿದ್ದು ಕೆಲವು ವರ್ಷದಲ್ಲಿ ಸಡಿಲವಾಗಿರುತ್ತದೆ. ಕಂಬದ ಮೇಲೆ ಗಾಳಿಗೆ ಅಲ್ಲಾಡುವ ಸುತ್ತು ಜಾಯಿಂಟ್ ಇನ್ನೊಂದು ಜಾಗ. ನಿಮ್ಮದು ಹಳೆ ಮನೆ ಎಂದಿರಿ. ಹಳೆಯ ಬೋರ್ಡುಗಳಲ್ಲಿ ನ್ಯೂಟ್ರಲ್‌ಗೂ ಒಂದು ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸ್ ಹಾಕುತ್ತಿದ್ದರು. ಅದಿದ್ದರೆ ತಕ್ಷಣ ತೆಗೆಸಿ, ನೇರ ಲಿಂಕ್ ಹಾಕಿಸಿ. ತ್ರೀ ಫೇಸ್ ಮನೆಯಲ್ಲಿ ನ್ಯೂಟ್ರಲ್ ಫ್ಯೂಸ್ ಮಾತ್ರ ಹೋದರೆ ಆಗುವುದು ಮೇಲೆ ಹೇಳಿದ ಅನಾಹುತವೇ. ಮೇನ್ ಆಫ್ ಮಾಡುವುದಾದರೆ ಮೂರು ಫೇಸ್ ಮತ್ತು ನ್ಯೂಟ್ರಲ್ ನಾಲ್ಕೂ ಒಟ್ಟಿಗೆ ಕಡಿಯುವ ಫೋರ್ ಪೋಲ್ ಸ್ವಿಚ್ ಇರಬೇಕು.

ಈಗ ನಿಮ್ಮ ಭಾವನವರ ಸಲಹೆ. ಅವರು ಒಳ್ಳೆಯ ಮನಸ್ಸಿಂದಲೇ ಹೇಳಿದ್ದಾರೆ, ನಮ್ಮ ಕಡೆ ತುಂಬಾ ಮನೆಗಳಲ್ಲಿ ಹೀಗೆ ಮಾಡಿಯೂ ಇದ್ದಾರೆ. ಕಟ್ಟಿದ ಕೂಡಲೇ ಮೀಟರಿನಲ್ಲಿ 15 ಮಾಯವಾಗುತ್ತದೆ, ಲೈಟು ಸ್ಥಿರವಾಗುತ್ತದೆ, ಸರಿಹೋಯಿತು ಅನ್ನಿಸುತ್ತದೆ. ನಿಜದಲ್ಲಿ ಏನಾಯಿತು ಗೊತ್ತಾ? ಗೀಸರ್‌ನ ಕರೆಂಟಿನ ಒಂದು ಪಾಲು ಈಗ ಅರ್ಥ್ ಗುಂಡಿಯ ಮೂಲಕ ನೆಲಕ್ಕೆ ಹೋಗಲು ಶುರುವಾಯಿತು. ನಾಳೆ ಮುಖ್ಯ ನ್ಯೂಟ್ರಲ್ ಪೂರ್ತಿ ಕಡಿದರೆ ಅಷ್ಟೂ ಕರೆಂಟ್ ಆ ಗುಂಡಿಯ ದಾರಿಯಲ್ಲೇ. ಬೇಸಿಗೆಯಲ್ಲಿ ಒಣಗಿದ ಗುಂಡಿಯ ತಡೆ 20 ಓಮ್ ಇದ್ದರೆ, ಗೀಸರ್ ಒಂದೇ ಓಡುತ್ತಿದ್ದರೂ ಅರ್ಥ್ ವೈರ್ ಮೇಲೆ ನೂರರ ಹತ್ತಿರ ವೋಲ್ಟ್ ಏರುತ್ತದೆ. ಆ ಅರ್ಥ್ ವೈರ್ ಎಲ್ಲೆಲ್ಲಿ ಹೋಗಿದೆ ನೋಡಿ, ಫ್ರಿಜ್‌ನ ಬಾಡಿ, ವಾಷಿಂಗ್ ಮಷೀನ್, ಇಸ್ತ್ರಿ ಪೆಟ್ಟಿಗೆ, ಗೀಸರ್‌ನ ಟ್ಯಾಂಕ್. ಒದ್ದೆ ಕೈಯಲ್ಲಿ ಮುಟ್ಟುವ ಸಾಮಾನಿಗೆಲ್ಲ ಒಟ್ಟಿಗೆ ಕರೆಂಟ್ ಬಂದುಬಿಡುತ್ತದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರುವ ಮನೆಯಲ್ಲಿ ಅದರ ನಂತರ ಹೀಗೆ ಕಟ್ಟಿದರೆ ಅದು ಪದೇ ಪದೇ ಬೀಳುತ್ತದೆ, ಆಗ ಆರ್‌ಸಿಸಿಬಿಯನ್ನೇ ತೆಗೆಸಿಹಾಕುವ ಜನ ಇದ್ದಾರೆ. ದಯವಿಟ್ಟು ಬೇಡ. ನ್ಯೂಟ್ರಲ್ ಅನ್ನು ಅರ್ಥ್ ಮಾಡುವುದು ಟಿಸಿಯ ಹತ್ತಿರ, ಅದನ್ನು ಎಸ್ಕಾಂನವರು (ಕರೆಂಟ್ ಕೊಡುವ ಕಂಪನಿಯವರು) ಮಾಡಿರುತ್ತಾರೆ. ಮನೆಯೊಳಗೆ ಈ ಎರಡು ವೈರ್ ಕೂಡಬಾರದು.

ಸ್ಟೆಬಿಲೈಜರ್? ನಿಮ್ಮ ಈ ಕಾಯಿಲೆಗೆ ಅದು ಮದ್ದಲ್ಲ. ಸ್ಟೆಬಿಲೈಜರ್ ತನ್ನ ಅಳತೆಗೂ ಅದೇ ನ್ಯೂಟ್ರಲ್ ಅನ್ನು ನಂಬಿಕೊಂಡಿರುತ್ತದೆ. ನ್ಯೂಟ್ರಲ್ ಕಡಿದ ದಿನ ಮೊದಲು ಸುಡುವುದು ಅದರ ಬೋರ್ಡೇ ಆಗಿರಬಹುದು. ಬಿಸಿಯಾಗುತ್ತಿರುವ ಜಾಯಿಂಟ್ ಅಂತೂ ಹಾಗೇ ಇರುತ್ತದೆ. ಇನ್ನೊಂದು, ಸಂಜೆ 203ನ್ನು ಎಳೆದು 230 ಮಾಡಲು ಸ್ಟೆಬಿಲೈಜರ್ ಹೊರಗಿನ ವೈರಿನಿಂದ ಜಾಸ್ತಿ ಕರೆಂಟ್ ಎಳೆಯುತ್ತದೆ. ಕೆಟ್ಟ ಜಾಯಿಂಟಿಗೆ ಇನ್ನಷ್ಟು ಹೊರೆ. ನ್ಯೂಟ್ರಲ್ ಸರಿಮಾಡಿಸಿದ ಮೇಲೂ ಸಂಜೆಯ ವೋಲ್ಟೇಜ್ ಸುಧಾರಿಸದಿದ್ದರೆ ಫ್ರಿಜ್‌ಗೆ ಒಂದು ಚಿಕ್ಕ ಸ್ಟೆಬಿಲೈಜರ್ ಸಾಕು. ಹಾಕಲೇಬೇಕಾದದ್ದು ಬೇರೆ ಇದೆ, ಓವರ್ ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಬೋರ್ಡಿನಲ್ಲಿ ಎಂಸಿಬಿ ಪಕ್ಕ ಕೂರುವ ಸಾಮಾನು. ವೋಲ್ಟೇಜ್ ಇಂತಿಷ್ಟು ದಾಟಿದರೆ ಅಥವಾ ಇಳಿದರೆ ಲೈನ್ ಕಡಿಯುತ್ತದೆ, ಸರಿಯಾದ ಮೇಲೆ ಕೆಲವು ನಿಮಿಷ ಬಿಟ್ಟು ತಾನೇ ಜೋಡಿಸುತ್ತದೆ. ಮೇಲಿನ ಮಿತಿ 265, ಕೆಳಗಿನದು 175ರ ಹತ್ತಿರ ಇಟ್ಟುಕೊಳ್ಳಿ. ಮೂರು ಫೇಸ್‌ಗೂ ಬೇಕು. ದೊಡ್ಡ ಸ್ಟೆಬಿಲೈಜರ್‌ನ ಬೆಲೆಗೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಇದೂ ಬರೀ ಕಾವಲು, ಜಾಯಿಂಟ್ ರಿಪೇರಿಗೆ ಬದಲಿ ಅಲ್ಲ.

"ವೋಲ್ಟೇಜ್ ಕಮ್ಮಿ ಇದ್ದರೆ ಬಿಲ್ ಜಾಸ್ತಿ" ಎನ್ನುವುದನ್ನು ಬಹಳ ಜನ ನಂಬುತ್ತಾರೆ, ಲೆಕ್ಕ ಹಾಕಿ ನೋಡೋಣ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಕಾಯಿಸಲು ಬೇಕಾದದ್ದು ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. 230 ವೋಲ್ಟಿನಲ್ಲಿ ನಿಮ್ಮ 2000 ವಾಟಿನ ಗೀಸರ್ ಇದನ್ನು 16 ನಿಮಿಷದಲ್ಲಿ ಮುಗಿಸುತ್ತದೆ. 200 ವೋಲ್ಟಿನಲ್ಲಿ ಅದೇ ಗೀಸರ್ 1500 ವಾಟ್ ಮಾತ್ರ ಎಳೆಯುತ್ತದೆ, 21 ನಿಮಿಷ ತೆಗೆದುಕೊಳ್ಳುತ್ತದೆ. ಯೂನಿಟ್ ಹೆಚ್ಚುಕಮ್ಮಿ ಅಷ್ಟೇ. ಫ್ಯಾನ್ ನಿಧಾನ ತಿರುಗಿ ಕಮ್ಮಿಯೇ ತಿನ್ನುತ್ತದೆ. ಮೋಟರ್ ವಿಷಯದಲ್ಲಿ ಅವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಅದೇ ಕೆಲಸ ಮಾಡಲು ಅದು ಜಾಸ್ತಿ ಆಂಪ್ ಎಳೆದು ಬಿಸಿಯಾಗುತ್ತದೆ. ಅಲ್ಲಿಯೂ ಬಿಲ್ ಏರುವುದು ಅಲ್ಪ, ವೈಂಡಿಂಗ್ ಸುಡುವ ಅಪಾಯ ದೊಡ್ಡದು. ಮೋಟರ್ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 180 ವೋಲ್ಟಿಗೆ ಬಂದರೆ ಬಲ ಶೇಕಡಾ 61 ಮಾತ್ರ. ಫ್ರಿಜ್ ಗುಂಯ್ ಎಂದು ಸ್ಟಾರ್ಟ್ ಆಗದೆ ಟಕ್ ಎಂದು ನಿಂತರೆ ಪ್ಲಗ್ ತೆಗೆದುಬಿಡಿ.

ಇನ್ನು ನಿಮ್ಮ ನಿದ್ದೆ ಕೆಡಿಸಿದ ಉಳಿದ ಅಂಕಿಗಳು. ಆಫ್ ಮಾಡಿದ ಫ್ಯಾನ್ ವೈರಿನ 68 ವೋಲ್ಟ್ ಸುಳ್ಳು ವೋಲ್ಟೇಜ್. ಒಂದೇ ಪೈಪಿನಲ್ಲಿ ಪಕ್ಕದಲ್ಲೇ ಓಡುವ ಲೈವ್ ವೈರಿನಿಂದ ತೂಗಾಡುವ ಈ ವೈರಿಗೆ ಚೂರೇ ಚೂರು ಕರೆಂಟ್ ದಾಟುತ್ತದೆ. ಡಿಜಿಟಲ್ ಮೀಟರಿನ ಒಳತಡೆ ಸಾಮಾನ್ಯವಾಗಿ 10 ಮೆಗಾಓಮ್, ಅಷ್ಟು ಸೂಕ್ಷ್ಮ ಇರುವುದರಿಂದ ಆ ಚೂರನ್ನೂ ತೋರಿಸುತ್ತದೆ. ಟೆಸ್ಟರ್ ಮಂದವಾಗಿ ಹೊತ್ತುವುದೂ, ಸ್ವಿಚ್ ಆಫ್ ಮಾಡಿದ ಎಲ್‌ಇಡಿ ಬಲ್ಬ್ ಕತ್ತಲಲ್ಲಿ ಮಿಣಮಿಣ ಅನ್ನುವುದೂ ಬಹುತೇಕ ಇದರಿಂದಲೇ. ಅಲ್ಲಿ ಒಂದು ಹಳೆ ಕಾಲದ 40 ವಾಟಿನ ಬಲ್ಬ್ ಜೋಡಿಸಿ ಅಳೆದರೆ ಸೊನ್ನೆ ಹತ್ತಿರ ಬೀಳುತ್ತದೆ. ಹಾಗಂತ ಸುಳ್ಳು ಎಂದು ನಂಬಿ ಬರಿಗೈಯಲ್ಲಿ ಮುಟ್ಟಲು ಹೋಗಬೇಡಿ. ಆಫ್ ಇದ್ದಾಗಲೂ ಅರ್ಥ್‌ಗೆ 230 ಪೂರ್ತಿ ಬಂದರೆ ಅದು ಸುಳ್ಳಲ್ಲ, ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿದ್ದಾರೆ ಎಂದರ್ಥ, ಬದಲಿಸಬೇಕು.

ಕ್ಲ್ಯಾಂಪ್ ಮೀಟರ್ ಸೊನ್ನೆ ತೋರಿಸಿದ್ದು ಸರಿಯಾಗಿಯೇ ತೋರಿಸಿದೆ. ಗೀಸರ್‌ನ ಮೂರು ಕೋರ್ ಕೇಬಲ್ಲನ್ನು ಒಟ್ಟಿಗೆ ಹಿಡಿದಿದ್ದೀರಿ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತದೆ, ಎರಡೂ ಒಂದನ್ನೊಂದು ಅಳಿಸುತ್ತವೆ. ಒಂದೇ ವೈರನ್ನು ಬೇರ್ಪಡಿಸಿ ಹಿಡಿದರೆ 8ರ ಮೇಲೆ ಬರುತ್ತದೆ. ಆರ್‌ಸಿಸಿಬಿ ಕೆಲಸ ಮಾಡುವುದೂ ಇದೇ ಲೆಕ್ಕದ ಮೇಲೆ, ಹೋದದ್ದಕ್ಕೂ ಬಂದದ್ದಕ್ಕೂ 30 ಮಿಲಿಆಂಪ್ ವ್ಯತ್ಯಾಸ ಬಂದರೆ ಲೈನ್ ಕಡಿಯುತ್ತದೆ. ನಿಮ್ಮ ಮನೆಯಲ್ಲಿ ಅದು ಇದೆಯೋ ಇಲ್ಲವೋ ಬರೆದಿಲ್ಲ. ಇಲ್ಲದಿದ್ದರೆ ಈ ಕೆಲಸದ ಜೊತೆಗೇ ಹಾಕಿಸಿ. ಬಾತ್‌ರೂಮಿನಲ್ಲಿ ಗೀಸರ್ ಇರುವ ಮನೆಗೆ ಅದು ಬೇಕೇ ಬೇಕು.

ಯುಪಿಎಸ್ 185 ಕೊಡುತ್ತಿಲ್ಲ, ನಿಮ್ಮ ಮೀಟರ್ ಹಾಗೆ ಓದುತ್ತಿದೆ. ಅಗ್ಗದ ಮೀಟರುಗಳು ಒಳ್ಳೆಯ ಸೈನ್ ಅಲೆ ಬರುತ್ತದೆ ಎಂದು ಊಹಿಸಿ ಸರಾಸರಿಯಿಂದ ಲೆಕ್ಕ ಹಾಕುತ್ತವೆ. ಹಳೆಯ ಯುಪಿಎಸ್‌ಗಳ ಚೌಕ ಚೌಕದ ಅಲೆಗೆ ಆ ಲೆಕ್ಕ ಹೊಂದುವುದಿಲ್ಲ, ಒಂದು ಬಗೆಯ ಅಲೆಗೆ ಕಮ್ಮಿ, ಇನ್ನೊಂದಕ್ಕೆ ಜಾಸ್ತಿ ತೋರಿಸುತ್ತವೆ. ಟ್ರೂ ಆರ್‌ಎಂಎಸ್ (ಅಲೆ ಹೇಗಿದ್ದರೂ ನಿಜ ಬೆಲೆ ಅಳೆಯುವುದು) ಎಂದು ಬರೆದ ಮೀಟರ್ ಮಾತ್ರ ಅಲ್ಲಿ ನಂಬಬಹುದು. ಫ್ರಿಜ್‌ನದೂ ಸರಿಯಿದೆ. 236 ಗುಣಿಸು 1 ಆಂಪ್ ಅಂದರೆ 236 ಬಂತು, ಆದರೆ ವಾಟ್ 150. ಮೋಟರ್ ಇರುವ ಸಾಮಾನಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ, ಆ ಭಾಗ ಕೆಲಸ ಮಾಡದೆ ಹೋಗಿ ಬಂದು ಮಾಡುತ್ತದೆ. ಅದೇ ಪವರ್ ಫ್ಯಾಕ್ಟರ್, ನಿಮ್ಮದರಲ್ಲಿ ಸುಮಾರು 0.64. ಮನೆಯ ಬಿಲ್ಲಿನಲ್ಲಿ ಯೂನಿಟ್ ಎಣಿಸುವುದು ವಾಟ್ ಲೆಕ್ಕದಲ್ಲೇ, ಚಿಂತೆ ಬೇಡ.

ಒಂದು ಎಚ್ಚರಿಕೆ, ಕೋಪ ಮಾಡಿಕೊಳ್ಳಬೇಡಿ. ಮಲ್ಟಿಮೀಟರಿನ ಕೆಂಪು ವೈರ್ 10 ಆಂಪ್ ತೂತಿನಲ್ಲಿ ಇದ್ದಾಗ ಮರೆತು ಪ್ಲಗ್‌ಗೆ ಚುಚ್ಚಿದರೆ ಅದು ನೇರ ಶಾರ್ಟ್. ಮೀಟರ್ ಕೈಯಲ್ಲೇ ಸಿಡಿಯಬಹುದು. ಪ್ರತಿ ಸಲ ವೋಲ್ಟ್ ತೂತಿನಲ್ಲಿದೆಯೇ ನೋಡಿ. ಮೊದಲು ಲೈವ್ ಇದೆ ಎಂದು ಗೊತ್ತಿರುವ ಪ್ಲಗ್‌ನಲ್ಲಿ ಅಳೆದು ಮೀಟರ್ ಸರಿಯಿದೆ ಎಂದು ಖಚಿತ ಮಾಡಿಕೊಳ್ಳಿ. ಮೇನ್ ಬೋರ್ಡ್ ಬಿಚ್ಚಿ ಅಳೆಯುವುದು ಬೇಡ, ಅದಕ್ಕೆ ಕ್ಯಾಟ್ 3 ದರ್ಜೆಯ ಮೀಟರ್ ಬೇಕು, ಅಭ್ಯಾಸವೂ ಬೇಕು. ಕಾಲಿಗೆ ಒಣ ಚಪ್ಪಲಿ ಇರಲಿ. ಬಾತ್‌ರೂಮಿನಲ್ಲಿ ಅಳೆದಿದ್ದೀರಿ ಎಂದು ಓದಿ ನನಗೆ ಸ್ವಲ್ಪ ಆತಂಕವೇ ಆಯಿತು, ನೆಲ ಒದ್ದೆ ಇದ್ದಾಗ ಇನ್ನು ಮುಂದೆ ಮಾಡಬೇಡಿ.

ಈಗ ಮಾಡಬೇಕಾದ ಕೆಲಸ. ಪಕ್ಕದ ಮನೆಯಲ್ಲೂ ಹೀಗೆ ಒಂದು ಕಡೆ ಏರಿ ಒಂದು ಕಡೆ ಇಳಿಯುತ್ತದೆಯೇ ಕೇಳಿ. ಅವರಿಗೂ ಇದ್ದರೆ ತೊಂದರೆ ಟಿಸಿಯಲ್ಲಿ ಅಥವಾ ಲೈನಿನ ನ್ಯೂಟ್ರಲ್‌ನಲ್ಲಿ, ಇಲ್ಲದಿದ್ದರೆ ಕಂಬದಿಂದ ನಿಮ್ಮ ಬೋರ್ಡಿನವರೆಗೆ ಎಲ್ಲೋ. ಕಂಬ, ಸರ್ವಿಸ್ ವೈರ್, ಸೀಲ್ ಇರುವ ಮೀಟರ್ ಇವನ್ನು ಎಸ್ಕಾಂನವರೇ ನೋಡಬೇಕು. ಸೀಲ್ ಮುಟ್ಟಬೇಡಿ, ಕಂಬಕ್ಕೆ ಖಾಸಗಿ ಜನರನ್ನು ಹತ್ತಿಸಬೇಡಿ. 1912ಕ್ಕೆ ಫೋನ್ ಮಾಡಿ, ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೊಡಿ. "ವೋಲ್ಟೇಜ್ ಪ್ರಾಬ್ಲಮ್" ಎಂದು ಸುಮ್ನೆ ಹೇಳಬೇಡಿ. "ತ್ರೀ ಫೇಸ್ ಸರ್ವಿಸ್, ನ್ಯೂಟ್ರಲ್ ಲೂಸ್ ಇದೆ, ಲೋಡ್ ಹಾಕಿದರೆ ಒಂದು ಫೇಸ್ ಇಳಿದು ಉಳಿದವು ಏರುತ್ತವೆ" ಎಂದು ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬಂದ ಲೈನ್‌ಮ್ಯಾನ್‌ಗೆ ನೀವು ಬರೆದ ಅಂಕಿಗಳನ್ನೇ ತೋರಿಸಿ. ಅನುಭವ ಇರುವವರಿಗೆ ಅಷ್ಟು ಸಾಕು, ನೇರ ಕಂಬದ ಜಾಯಿಂಟ್ ನೋಡುತ್ತಾರೆ. ಮೀಟರ್ ನಂತರದ ಭಾಗಕ್ಕೆ ಲೈಸೆನ್ಸ್ ಇರುವ ವೈರ್‌ಮನ್ ಕರೆಸಿ. ಮೇನ್ ಆಫ್ ಮಾಡಿ ನ್ಯೂಟ್ರಲ್ ಲಿಂಕಿನ ಎಲ್ಲ ಸ್ಕ್ರೂ ಬಿಗಿ ಮಾಡಿಸಿ, ಕಪ್ಪಾದ ಅಥವಾ ಗಟ್ಟಿಯಾಗಿ ಒಡೆಯುವ ವೈರಿನ ತುದಿ ಕತ್ತರಿಸಿ ಹೊಸದಾಗಿ ಲಗ್ ಹಾಕಿಸಿ.

ಅಷ್ಟರೊಳಗೆ ಎಂದಾದರೂ ಇದ್ದಕ್ಕಿದ್ದಂತೆ ಕೆಲವು ದೀಪ ಜೋರಾಗಿ ಬೆಳಗಿ ಕೆಲವು ಮಂಕಾದರೆ ಒಂದೊಂದೇ ಪ್ಲಗ್ ತೆಗೆಯಲು ಓಡಾಡಬೇಡಿ. ನೇರ ಹೋಗಿ ಮೇನ್ ಆಫ್ ಮಾಡಿ. ಮನೆಯವರಿಗೆಲ್ಲ ಮೇನ್ ಎಲ್ಲಿದೆ ಎಂದು ಇವತ್ತೇ ತೋರಿಸಿ.

ರಿಪೇರಿ ಆದ ಮೇಲೆ ಗೀಸರ್ ಹಾಕಿ ಅದೇ ಅಳತೆಗಳನ್ನು ಮತ್ತೆ ತೆಗೆಯಿರಿ. ನ್ಯೂಟ್ರಲ್-ಅರ್ಥ್ ಮೂರು ವೋಲ್ಟ್ ಒಳಗಿರಬೇಕು, ಹಾಲ್‌ನ ವೋಲ್ಟೇಜ್ ಒಂದೆರಡು ವೋಲ್ಟ್‌ಗಿಂತ ಜಾಸ್ತಿ ಅಲ್ಲಾಡಬಾರದು. ಅಲ್ಲಾಡಿದರೆ ಕೆಟ್ಟ ಜಾಯಿಂಟ್ ಇನ್ನೂ ಸಿಕ್ಕಿಲ್ಲ, ಮತ್ತೆ ಕರೆಸಿ. ಆಮೇಲೆ ಸಂಜೆಯ 203. ಒಂದು ವಾರ ದಿನಾ ಏಳೂವರೆಗೆ ಮೂರೂ ಫೇಸ್ ಅಳೆದು, ಮನೆಯ ಲೋಡ್ ಕಮ್ಮಿ ಇಟ್ಟು ಬರೆದುಕೊಳ್ಳಿ. ಒಂದು ಫೇಸ್ ಮಾತ್ರ ಕಮ್ಮಿ ಇದ್ದರೆ ಬೀದಿಯ ಮನೆಗಳನ್ನು ಫೇಸ್‌ಗಳಿಗೆ ಸಮವಾಗಿ ಹಂಚಿಲ್ಲ, ಮೂರೂ ಕಮ್ಮಿ ಇದ್ದರೆ ಟಿಸಿಯ ಟ್ಯಾಪ್ (ಹೊರಬರುವ ವೋಲ್ಟೇಜ್ ಏರಿಸಿ ಇಳಿಸುವ ಜಾಗ) ಬದಲಿಸಬೇಕು ಅಥವಾ ಟಿಸಿಗೇ ಹೊರೆ ಜಾಸ್ತಿಯಾಗಿದೆ. ಟ್ಯಾಪ್ ಏರಿಸಿದರೆ ರಾತ್ರಿಯ 250 ಇನ್ನೂ ಏರುತ್ತದೆ, ಆದ್ದರಿಂದ ಅದನ್ನು ಅವರು ಯೋಚಿಸಿಯೇ ಮಾಡಬೇಕು. ಈ ಪಟ್ಟಿ ಜೊತೆ ಸೆಕ್ಷನ್ ಆಫೀಸಿಗೆ ಬರವಣಿಗೆಯಲ್ಲಿ ಕೊಡಿ, ಬೀದಿಯ ನಾಲ್ಕು ಮನೆಯವರ ಸಹಿ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅಲ್ಲಿಯೂ ನಿಮ್ಮ ಕೈ ಹಿಡಿಯುವುದು ಈ ಪಟ್ಟಿಯೇ, ಆದ್ದರಿಂದ ದಿನಾಂಕ, ಹೊತ್ತು, ಯಾವ ಪ್ಲಗ್ ಎಂದು ಎಲ್ಲ ಬರೆದಿಡಿ.